ಮೆಮೊರಿ ಕಾರ್ಡ್ ಕೈಕೊಟ್ಟಾಗ: ದೋಷ ಕಾರ್ಡಿನದೋ, ರೀಡರಿನದೋ, ಕ್ಯಾಮೆರಾದ್ದೋ?

ಮೆಮೊರಿ ಕಾರ್ಡ್ ತಕರಾರು ಮಾಡಿದಾಗ ಕ್ಯಾಮೆರಾ ಕೊಡುವ ಸಲಹೆ ಬಹುತೇಕ ಒಂದೇ: ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಿಗೆ ಹಾಕಿದರೆ ಅದೂ ಅದನ್ನೇ ಕೇಳುತ್ತದೆ. ಕಾರ್ಡಿನಲ್ಲಿ ಯಾರದೋ ಮದುವೆಯ ಧಾರೆಯೋ, ಕಬಿನಿಯಲ್ಲಿ ಸಿಕ್ಕ ಚಿರತೆಯೋ ಇದ್ದರೆ ಆ ಪ್ರಶ್ನೆಗೆ ಉತ್ತರ ‘ಬೇಡ’. ಫಾರ್ಮ್ಯಾಟ್ ಮಾಡುವುದು ತಪ್ಪಲ್ಲ. ಆದರೆ ಅದು ಚಿತ್ರಗಳನ್ನು ಬೇರೆ ಕಡೆ ಇಳಿಸಿಕೊಂಡ ಮೇಲಿನ ಕೆಲಸ. ದೋಷ ಎಲ್ಲಿದೆ ಅಂತ ತಿಳಿಯುವ ಮೊದಲೇ ಮಾಡಿಬಿಟ್ಟರೆ ಚಿತ್ರಗಳ ಜೊತೆ ದೋಷದ ಗುರುತೂ ಅಳಿಸಿಹೋಗುತ್ತದೆ.

ಕೆಟ್ಟಿದೆ ಅಂತ ಎತ್ತಿಟ್ಟ ಎಷ್ಟೋ ಕಾರ್ಡುಗಳು ವಾಸ್ತವದಲ್ಲಿ ಚೆನ್ನಾಗಿಯೇ ಇರುತ್ತವೆ. ತೊಂದರೆ ಕಾರ್ಡಿನಲ್ಲಿರಬಹುದು, ಕಾರ್ಡ್ ರೀಡರ್ ಅಥವಾ ಕೇಬಲ್‌ನಲ್ಲಿರಬಹುದು, ಕ್ಯಾಮೆರಾದ ಸ್ಲಾಟ್‌ನಲ್ಲಿರಬಹುದು. ಪತ್ತೆ ಮಾಡಲು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಅದೇ ಕ್ಯಾಮೆರಾಗೆ ಬೇರೆ ಕಾರ್ಡ್ ಹಾಕಿ. ಆಮೇಲೆ ಅದೇ ಕಾರ್ಡನ್ನು ಬೇರೆ ಕ್ಯಾಮೆರಾಗೆ ಹಾಕಿ. ತೊಂದರೆ ಕಾರ್ಡಿನ ಜೊತೆ ಹೋದರೆ ಕಾರ್ಡಿನದು, ಕ್ಯಾಮೆರಾದಲ್ಲೇ ಉಳಿದರೆ ಕ್ಯಾಮೆರಾದ್ದು. ಚಿತ್ರಗಳಿರುವ ಕಾರ್ಡನ್ನು ಹೀಗೆ ಓಡಾಡಿಸುವ ಮೊದಲು ಅದರ ಪಕ್ಕದ ಲಾಕ್ ಗುಂಡಿಯನ್ನು ಲಾಕ್ ಕಡೆಗೆ ತಳ್ಳಿ. ಕೆಲವು ಕ್ಯಾಮೆರಾಗಳು ಕಾರ್ಡ್ ಸಿಕ್ಕ ಕೂಡಲೇ ತಮ್ಮದೊಂದು ಫೋಲ್ಡರನ್ನೋ ಡೇಟಾಬೇಸನ್ನೋ ಅದರಲ್ಲಿ ಬರೆದುಬಿಡುತ್ತವೆ.

## ‘ಕಾರ್ಡ್ ಲಾಕ್ ಆಗಿದೆ’ ಅನ್ನುತ್ತದೆ

ಇದಕ್ಕೆ ಕಾಸೂ ಖರ್ಚಾಗುವುದಿಲ್ಲ. ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿರುವ ಆ ಪುಟ್ಟ ಗುಂಡಿಗೂ ಒಳಗಿನ ಚಿಪ್ಪಿಗೂ ಸಂಬಂಧವೇ ಇಲ್ಲ. ಅದು ಬರೀ ಪ್ಲಾಸ್ಟಿಕ್. ಗುಂಡಿ ಎಲ್ಲಿದೆ ಎಂದು ಸ್ಲಾಟ್ ಒಳಗಿನ ಒಂದು ಸಣ್ಣ ಸ್ವಿಚ್ ಮುಟ್ಟಿ ನೋಡುತ್ತದೆ. ಹಾಗಾಗಿ ಗುಂಡಿ ಸಡಿಲವಾಗಿದ್ದರೆ ಕಾರ್ಡನ್ನು ಸ್ಲಾಟಿಗೆ ತಳ್ಳುವಾಗಲೇ ಜಾರಿ ಲಾಕ್ ಆಗುತ್ತದೆ. ಗುಂಡಿ ಮುರಿದು ಬಿದ್ದಿದ್ದರೂ ಕ್ಯಾಮೆರಾ ‘ಲಾಕ್’ ಅಂತಲೇ ತಿಳಿಯುತ್ತದೆ.

ಆ ಜಾಗಕ್ಕೆ ಸೆಲ್ಲೋ ಟೇಪ್ ಅಂಟಿಸಿ ಕೆಲಸ ನಡೆಸುವವರಿದ್ದಾರೆ. ಟೇಪು ಬಿಸಿಗೆ ಸುರುಳಿಯಾಗಿ ಸ್ಲಾಟ್ ಒಳಗೇ ಉಳಿದರೆ ಆಮೇಲೆ ಬರುವುದು ಕಾರ್ಡಿನ ಖರ್ಚಲ್ಲ, ಕ್ಯಾಮೆರಾ ರಿಪೇರಿಯ ಖರ್ಚು. ಲಾಕ್ ಆದ ಕಾರ್ಡಿನಿಂದ ಚಿತ್ರ ಇಳಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ, ಹೊಸದಾಗಿ ಬರೆಯಲು ಮಾತ್ರ ಆಗುವುದಿಲ್ಲ. ಇಳಿಸಿಕೊಂಡು ಆ ಕಾರ್ಡಿಗೆ ವಿದಾಯ ಹೇಳಿ. ಚೆನ್ನಾಗಿರುವ ಬೇರೆ ಕಾರ್ಡುಗಳಿಗೂ ಕ್ಯಾಮೆರಾ ‘ಲಾಕ್’ ಎಂದರೆ ಸವೆದಿರುವುದು ಸ್ಲಾಟಿನ ಸ್ವಿಚ್. ಅದು ಸರ್ವಿಸ್ ಸೆಂಟರಿನ ಕೆಲಸ.

## ‘ಕಾರ್ಡ್ ಇಲ್ಲ’, ‘ಮತ್ತೆ ಹಾಕಿ’, ಅಥವಾ ಬರೀ ಒಂದು ಎರರ್ ನಂಬರ್

ಕ್ಯಾನನ್‌ನ ‘ಎರರ್ 02’, ನಿಕಾನ್‌ನಲ್ಲಿ ಮಿನುಗುವ ‘ಸಿಎಚ್‌ಎ’ ಈ ಜಾತಿಯವು. ಕಾರ್ಡನ್ನು ಓದಲು ಆಗುತ್ತಿಲ್ಲ ಎಂಬುದಷ್ಟೇ ಇವುಗಳ ಅರ್ಥ. ಯಾಕೆ ಆಗುತ್ತಿಲ್ಲ ಎಂಬುದನ್ನು ನಾವೇ ಹುಡುಕಬೇಕು.

ಮೊದಲು ಕ್ಯಾಮೆರಾ ಆಫ್ ಮಾಡಿ. ಕಾರ್ಡ್ ಬಾಗಿಲ ಹತ್ತಿರದ ದೀಪ ಆರುವವರೆಗೆ ಕಾದು, ಕಾರ್ಡ್ ತೆಗೆದು ಮತ್ತೆ ಹಾಕಿ. ಬ್ಯಾಟರಿ ಕೊನೆಯ ಕಡ್ಡಿಯಲ್ಲಿದ್ದರೆ ತುಂಬಿದ ಬ್ಯಾಟರಿ ಹಾಕಿ ನೋಡಿ. ಬರೆಯುತ್ತಿರುವಾಗಲೇ ವಿದ್ಯುತ್ ನಿಂತರೆ ಕಾರ್ಡಿನ ಫೈಲ್ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ. ಆ ದೀಪ ಉರಿಯುವಾಗ ಬಾಗಿಲು ತೆಗೆಯಬೇಡಿ ಎಂದು ಎಲ್ಲ ಕೈಪಿಡಿಗಳೂ ಹೇಳುವುದು ಇದಕ್ಕೇ.

ಆಮೇಲೆ ಕಾರ್ಡಿನ ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ಬೆರಳ ಜಿಡ್ಡು, ಸಫಾರಿ ಜೀಪಿನ ಧೂಳು ಕಂಡರೆ ನೂಲು ಬಿಡದ ಒಣ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ಹಚ್ಚಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ನಮ್ಮಲ್ಲಿ ಬಹಳ. ಮೇಲಿನ ಚಿನ್ನದ ಲೇಪ ತೀರಾ ತೆಳು, ಉಜ್ಜಿದಷ್ಟೂ ಸವೆಯುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಸೇರುವುದು ಬೇರೆ. ಸ್ಲಾಟಿನ ಧೂಳಿಗೆ ಗಾಳಿ ಊದುವ ರಬ್ಬರ್ ಬ್ಲೋವರ್ ಸಾಕು. ಸ್ಲಾಟಿನ ಬಾಯಿ ಕೆಳಗೆ ಬರುವಂತೆ ಕ್ಯಾಮೆರಾ ಹಿಡಿದು ಊದಬೇಕು. ಬಾಯಿಂದ ಊದಿದರೆ ಉಗುಳಿನ ತೇವ ಒಳಗೆ ಹೋಗುತ್ತದೆ.

ಮಳೆಗಾಲದ ಆಗುಂಬೆಯಲ್ಲೋ ಕೊಡಗಿನಲ್ಲೋ ಎಸಿ ಕೋಣೆಯಿಂದ ಕ್ಯಾಮೆರಾವನ್ನು ನೇರ ಹೊರಗೆ ತಂದರೆ ತಣ್ಣಗಿನ ಲೋಹದ ಮೇಲೆಲ್ಲ ನೀರು ಕೂರುತ್ತದೆ. ಸ್ಲಾಟಿನ ಪಿನ್ನುಗಳೂ ಇದಕ್ಕೆ ಹೊರತಲ್ಲ. ಆಗ ಕಾರ್ಡನ್ನು ತೆಗೆದು ಹಾಕಿ ಮಾಡುವ ಬದಲು ಕ್ಯಾಮೆರಾ ಆಫ್ ಮಾಡಿ, ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲು ಬಿಡಿ. ಬೆಳಿಗ್ಗೆ ಹೊರಡುವ ಮೊದಲೇ ಕ್ಯಾಮೆರಾವನ್ನು ಮುಚ್ಚಿದ ಬ್ಯಾಗಿನಲ್ಲಿಟ್ಟು ವರಾಂಡಕ್ಕೆ ತಂದಿಟ್ಟರೆ ಈ ತಾಪತ್ರಯ ಬರುವುದೇ ಇಲ್ಲ.

ಕಾರ್ಡಿನ ಅಂಚು ಬಿರಿದು ಎರಡು ಹಾಳೆಗಳಂತೆ ತೆರೆದುಕೊಂಡಿದೆಯೇ? ಪಟ್ಟಿಗಳ ನಡುವಿನ ಸಣ್ಣ ಪ್ಲಾಸ್ಟಿಕ್ ಗೆರೆ ಮುರಿದಿದೆಯೇ? ಹಾಗಿದ್ದರೆ ಅದನ್ನು ಕ್ಯಾಮೆರಾಗೆ ಮತ್ತೆ ಹಾಕಬೇಡಿ. ಫೆವಿಕ್ವಿಕ್ ಹಚ್ಚಿ ಅಂಟಿಸಲೂ ಬೇಡಿ. ಕಡಿಮೆ ಬೆಲೆಯ ರೀಡರ್‌ನಲ್ಲಿ ಒಮ್ಮೆ ಓದಿಸಿಕೊಂಡು ಮುಗಿಸಿ. ಸಿಕ್ಕಿಕೊಂಡರೆ ರೀಡರ್ ಹೋಗಲಿ, ಕ್ಯಾಮೆರಾ ಉಳಿಯಲಿ. ಈಗಾಗಲೇ ಸ್ಲಾಟಿನಲ್ಲಿ ಸಿಕ್ಕಿಕೊಂಡಿದ್ದರೆ ಬ್ಯಾಟರಿ ಹೊರತೆಗೆಯಿರಿ. ಚಿಮಟ ಹಾಕಿ ಎಳೆಯುವ ಸಾಹಸ ಮಾಡದೆ ಸರ್ವಿಸ್ ಸೆಂಟರಿಗೆ ಕೊಡಿ. ಹಳೆಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಬಳಸುವವರು ಇನ್ನೂ ಹುಷಾರಾಗಿರಬೇಕು. ಅದರ ಸ್ಲಾಟಿನಲ್ಲಿ 50 ಪಿನ್ನುಗಳು ನೆಟ್ಟಗೆ ನಿಂತಿರುತ್ತವೆ, ಕಾರ್ಡನ್ನು ಓರೆಯಾಗಿ ಒತ್ತಿದರೆ ಬಾಗುತ್ತವೆ. ಸಲೀಸಾಗಿ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಎಲ್ಲ ಸರಿಯಿದ್ದೂ ಹೊಸ ಕಾರ್ಡನ್ನು ಹಳೆಯ ಕ್ಯಾಮೆರಾ ಒಪ್ಪದಿದ್ದರೆ ಅದು ತಲೆಮಾರಿನ ವ್ಯತ್ಯಾಸ. ಬರೀ ‘ಎಸ್‌ಡಿ’ ಎಂದಿರುವುದು 2 ಜಿಬಿವರೆಗೆ, ‘ಎಸ್‌ಡಿಎಚ್‌ಸಿ’ 32 ಜಿಬಿವರೆಗೆ, ‘ಎಸ್‌ಡಿಎಕ್ಸ್‌ಸಿ’ 2 ಟಿಬಿವರೆಗೆ. ಎಚ್‌ಸಿ ಬಂದದ್ದು 2006ರಲ್ಲಿ, ಎಕ್ಸ್‌ಸಿ ಬಂದದ್ದು 2009ರಲ್ಲಿ. ಅದಕ್ಕಿಂತ ಹಿಂದಿನ ಕ್ಯಾಮೆರಾಗೆ ಇಂದಿನ 64 ಜಿಬಿ ಕಾರ್ಡ್ ಹಾಕಿ ‘ಕಾರ್ಡ್ ಸರಿಯಿಲ್ಲ’ ಅಂದರೆ ಅಂಗಡಿಯವರ ತಪ್ಪೇನಿಲ್ಲ.

## ಕ್ಯಾಮೆರಾದಲ್ಲಿ ಚಿತ್ರ ಕಾಣುತ್ತದೆ, ಕಂಪ್ಯೂಟರಿನಲ್ಲಿ ಇಲ್ಲ

ಖುಷಿಪಡಬೇಕಾದ ದೋಷ ಇದು. ಚಿತ್ರಗಳು ಸುರಕ್ಷಿತ, ಕೆಟ್ಟಿರುವುದು ಬಹುಮಟ್ಟಿಗೆ ರೀಡರ್. ಎಸ್‌ಡಿಎಕ್ಸ್‌ಸಿ ಬರುವ ಮೊದಲಿನ ಹಳೇ ರೀಡರ್ ದೊಡ್ಡ ಕಾರ್ಡನ್ನು ಗುರುತಿಸದೇ ಇರಬಹುದು. ಯುಎಸ್‌ಬಿ ಹಬ್ ತೆಗೆದು ನೇರ ಲ್ಯಾಪ್‌ಟಾಪಿಗೆ ಹಾಕಿ, ಬೇರೆ ಪೋರ್ಟ್ ನೋಡಿ, ಬೇರೆ ರೀಡರ್ ತನ್ನಿ. ಏನೂ ಸಿಗದಿದ್ದರೆ ಕ್ಯಾಮೆರಾವನ್ನೇ ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ ಇಳಿಸಿಕೊಳ್ಳಿ. ಮೈಕ್ರೊ ಎಸ್‌ಡಿಯನ್ನು ಅಡಾಪ್ಟರಿನಲ್ಲಿ ಹಾಕಿ ಬಳಸುತ್ತಿದ್ದರೆ ಮೊದಲ ಅನುಮಾನ ಆ ಅಡಾಪ್ಟರಿನ ಮೇಲಿರಲಿ.

ವಿಂಡೋಸ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದರೆ, ಮ್ಯಾಕ್ ‘ಇನಿಷಿಯಲೈಸ್’ ಎಂದರೆ, ರದ್ದು ಒತ್ತಿ. ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಎಂಬ ಮೆತ್ತಗಿನ ಪ್ರಶ್ನೆಗೂ ಅದೇ ಉತ್ತರ, ಯಾಕೆಂದರೆ ಅದು ಸರಿಪಡಿಸುವುದೂ ಕಾರ್ಡಿನ ಮೇಲೆ ಬರೆದೇ.

ಇದರ ತಿರುವುಮುರುವೂ ಉಂಟು. ಕಂಪ್ಯೂಟರಿನಲ್ಲಿ ಕಾಣುವ ಚಿತ್ರ ಕ್ಯಾಮೆರಾದಲ್ಲಿ ಕಾಣುವುದಿಲ್ಲ. ಕ್ಯಾಮೆರಾ ನೋಡುವುದು ‘ಡಿಸಿಐಎಂ’ ಫೋಲ್ಡರಿನೊಳಗೆ, ತನಗೆ ಗೊತ್ತಿರುವ ಹೆಸರು ಮತ್ತು ನಂಬರಿನ ಫೈಲುಗಳನ್ನು ಮಾತ್ರ. ಹೆಸರು ಬದಲಿಸಿದ್ದರೆ, ಎಡಿಟ್ ಮಾಡಿ ಮತ್ತೆ ಹಾಕಿದ್ದರೆ ತೋರಿಸುವುದಿಲ್ಲ. ಇದು ಕಾರ್ಡಿನ ದೋಷವಲ್ಲ.

## ವಿಡಿಯೊ ತಾನಾಗಿ ನಿಲ್ಲುತ್ತದೆ, ಒಂದೇ ಸಮನೆ ಕ್ಲಿಕ್ಕಿಸಿದರೆ ಕ್ಯಾಮೆರಾ ಸ್ತಬ್ಧ

ನಿಲ್ಲುವುದು ಯಾವಾಗ ಅಂತ ಗಮನಿಸಿ, ಉತ್ತರ ಅದರಲ್ಲೇ ಇದೆ. ಪ್ರತಿ ಸಲ 29 ನಿಮಿಷ 59 ಸೆಕೆಂಡಿಗೆ ನಿಂತರೆ ಅದು ಕ್ಯಾಮೆರಾದ ಮಿತಿ. 30 ನಿಮಿಷ ಮುಟ್ಟಿದರೆ ಯೂರೋಪಿನಲ್ಲಿ ವಿಡಿಯೊ ಕ್ಯಾಮೆರಾ ಎಂಬ ಲೆಕ್ಕಕ್ಕೆ ಸೇರಿ ಆಮದು ಸುಂಕ ಹೆಚ್ಚುತ್ತಿತ್ತು ಅಂತ ಕಂಪನಿಗಳು ಇಟ್ಟುಕೊಂಡ ಬೇಲಿ ಅದು. ನಿಲ್ಲದೆ, ಫೈಲು ಮಾತ್ರ 4 ಜಿಬಿಗೊಂದರಂತೆ ತುಂಡಾಗುತ್ತಿದ್ದರೆ ಅದು 32 ಜಿಬಿವರೆಗಿನ ಕಾರ್ಡುಗಳಲ್ಲಿ ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ವ್ಯವಸ್ಥೆಯ ಮಿತಿ. ಬಿಸಿಲಲ್ಲಿ ಹೊತ್ತು ಕಳೆದಂತೆ ನಿಂತರೆ ಕ್ಯಾಮೆರಾ ಕಾದಿದೆ. ಶುರು ಮಾಡಿದ ಕೆಲವೇ ಸೆಕೆಂಡಿಗೆ ನಿಂತರೆ ಮಾತ್ರ ಕಾರ್ಡಿನ ವೇಗವನ್ನು ಅನುಮಾನಿಸಿ.

ಇಲ್ಲಿ ಎಲ್ಲರೂ ಎಡವುವುದು ಕಾರ್ಡಿನ ಮೇಲಿನ ದೊಡ್ಡಕ್ಷರಕ್ಕೆ. ‘170’, ‘200’ ಎಂದು ಎದ್ದು ಕಾಣುವುದು ಸೆಕೆಂಡಿಗೆ ಎಷ್ಟು ಎಂಬಿ ಓದಬಹುದು ಎಂಬ ಲೆಕ್ಕ, ಅದೂ ಅತಿ ಹೆಚ್ಚೆಂದರೆ. ಕ್ಯಾಮೆರಾಗೆ ಬೇಕಿರುವುದು ಬರೆಯುವ ವೇಗ, ಅದೂ ಯಾವ ಹೊತ್ತಿನಲ್ಲೂ ಕೆಳಗಿಳಿಯದ ವೇಗ. ಅದನ್ನು ಹೇಳುವುದು ಮೂಲೆಯ ಸಣ್ಣ ಗುರುತುಗಳು. ವೃತ್ತದೊಳಗಿನ 10 ಮತ್ತು ಯು1 ಎಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ. ಯು3 ಮತ್ತು ವಿ30 ಎಂದರೆ 30 ಎಂಬಿ. ವಿ60, ವಿ90 ಎಂದರೆ ಹೆಸರಿನಲ್ಲೇ ಇರುವಷ್ಟು.

ಕ್ಯಾಮೆರಾ ಕೈಪಿಡಿ ವಿಡಿಯೊ ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತದೆ, ಕಾರ್ಡ್ ಮೆಗಾಬೈಟ್‌ನಲ್ಲಿ. ಎಂಟರಿಂದ ಭಾಗಿಸಿ. 100 ಮೆಗಾಬಿಟ್‌ನ 4ಕೆ ವಿಡಿಯೊಗೆ ಬೇಕಿರುವುದು ಸೆಕೆಂಡಿಗೆ 12.5 ಎಂಬಿ, ವಿ30 ಧಾರಾಳ ಸಾಕು. 400 ಮೆಗಾಬಿಟ್ ಇದ್ದರೆ 50 ಎಂಬಿ, ಆಗ ವಿ60 ಬೇಕು. ಮದುವೆ ವಿಡಿಯೊ ಮಾಡುವವರಲ್ಲಿ ಅನೇಕರು ಬೇಡದಿದ್ದರೂ ವಿ90ಕ್ಕೆ ದುಡ್ಡು ಸುರಿಯುತ್ತಾರೆ. ಅದೇ ದುಡ್ಡಿಗೆ ಒಳ್ಳೆಯ ವಿ30 ಕಾರ್ಡುಗಳನ್ನು ಹೆಚ್ಚು ಇಟ್ಟುಕೊಳ್ಳುವುದು ನನ್ನ ಲೆಕ್ಕದಲ್ಲಿ ಜಾಣತನ.

ಹಕ್ಕಿ, ಪ್ರಾಣಿ ತೆಗೆಯುವವರ ಕಷ್ಟ ಬೇರೆ. ಒಂದು ರಾ ಫೈಲು (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸುವ ಚಿತ್ರ) 25 ಎಂಬಿ, ಸೆಕೆಂಡಿಗೆ ಹತ್ತು ಚಿತ್ರ ಎಂದರೆ ಆಗಲೇ 250 ಎಂಬಿ ಆಯಿತು. ರೋಮನ್ ಒಂದರ ಗುರುತಿರುವ ಯುಎಚ್‌ಎಸ್ (ವೇಗದ ಎಸ್‌ಡಿ) ಕಾರ್ಡಿನಲ್ಲಿ ಡೇಟಾ ಸಾಗುವ ದಾರಿಯ ಮಿತಿಯೇ ಸೆಕೆಂಡಿಗೆ 104 ಎಂಬಿ. ಅಂಥ ಕಾರ್ಡಿನ ಮೇಲೆ 170 ಅಂತಿದ್ದರೆ ಆ ವೇಗ ಅದಕ್ಕೆ ಹೊಂದುವ ರೀಡರಿನಲ್ಲಿ ಸಿಗುವಂಥದ್ದು, ಕ್ಯಾಮೆರಾದೊಳಗೆ ಅಲ್ಲ. ರೋಮನ್ ಎರಡರ ಕಾರ್ಡಿನ ಹಿಂದೆ ಎರಡನೇ ಸಾಲು ಪಟ್ಟಿಗಳಿದ್ದು ಅದರ ಮಿತಿ 312 ಎಂಬಿ. ಆದರೆ ಕ್ಯಾಮೆರಾದ ಸ್ಲಾಟಿಗೂ ಎರಡನೇ ಸಾಲು ಇದ್ದರೆ ಮಾತ್ರ ಪ್ರಯೋಜನ, ಇಲ್ಲದಿದ್ದರೆ ಮೊದಲ ಸಾಲಿನಲ್ಲೇ ಓಡುತ್ತದೆ. ಹಾಗಾಗಿ ಬರ್ಸ್ಟ್ (ಒಂದೇ ಸಮನೆ ಕ್ಲಿಕ್ಕಿಸುವುದು) ಮುಗಿದ ಮೇಲೆ ಕ್ಯಾಮೆರಾ ಕೆಲವು ಸೆಕೆಂಡು ‘ಬಿಜಿ’ ಎನ್ನುವುದು ಸಹಜ. ಮೊದಲು ಬೇಗ ಮುಗಿಯುತ್ತಿದ್ದ ಅದೇ ಕಾರ್ಡ್ ಈಗ ನಿಮಿಷಗಟ್ಟಲೆ ಎಳೆಯುತ್ತಿದ್ದರೆ, ಚಿತ್ರ ಇಳಿಸಿಕೊಂಡು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ನೋಡಿ. ಆಮೇಲೂ ಹಾಗೇ ಇದ್ದರೆ ಕಾರ್ಡ್ ಸವೆದಿದೆ.

## ಚಿತ್ರದ ಅರ್ಧ ಬೂದು, ಅಥವಾ ಒಂದು ಚಿತ್ರದಲ್ಲಿ ಇನ್ನೊಂದರ ತುಂಡು

ಮೊದಲು ಅದೇ ಫೈಲನ್ನು ಎರಡು ಸಲ ಬೇರೆ ಬೇರೆಯಾಗಿ ಕಾಪಿ ಮಾಡಿ. ಒಂದು ಕಾಪಿ ಚೆನ್ನಾಗಿದ್ದು ಇನ್ನೊಂದು ಕೆಟ್ಟಿದ್ದರೆ, ಅಥವಾ ಕೆಟ್ಟ ಜಾಗ ಬದಲಾಗುತ್ತಿದ್ದರೆ, ದೋಷ ಬಹುಶಃ ರೀಡರ್ ಅಥವಾ ಕೇಬಲ್‌ನದು. ಬೇರೆ ರೀಡರ್‌ನಲ್ಲೂ ಅದೇ ಜಾಗದಲ್ಲಿ ಅದೇ ಬೂದು ಬಂದರೆ ಕಾರ್ಡಿನಲ್ಲೇ ಹಾಗೆ ಬರೆದಿದೆ.

ಹೊಸ ಕಾರ್ಡಿನಲ್ಲಿ ಮೊದಲ ಒಂದಷ್ಟು ಚಿತ್ರ ಚೆನ್ನಾಗಿದ್ದು, ತುಂಬುತ್ತ ಹೋದಂತೆ ಕೆಡತೊಡಗಿದರೆ ಡೂಪ್ಲಿಕೇಟ್ ಮಾಲು ಎಂದು ಬಲವಾಗಿ ಅನುಮಾನಿಸಿ. ಒಳಗೆ ಇರುವುದು 8 ಜಿಬಿಯ ಚಿಪ್ಪು. ಅದನ್ನು ನಡೆಸುವ ಕಂಟ್ರೋಲರ್‌ಗೆ ಮಾತ್ರ ‘128 ಅಂತ ಹೇಳು’ ಎಂದು ಕಲಿಸಿಟ್ಟಿರುತ್ತಾರೆ. ಕ್ಯಾಮೆರಾ ಅದನ್ನೇ ನಂಬುತ್ತದೆ, ಕಂಪ್ಯೂಟರೂ ನಂಬುತ್ತದೆ. 8 ಜಿಬಿ ತುಂಬಿದ ಮೇಲೆ ಬರೆದದ್ದು ಒಂದೋ ಗಾಳಿಗೆ ಹೋಗುತ್ತದೆ, ಇಲ್ಲವೇ ಹಳೆಯ ಚಿತ್ರದ ಮೇಲೆ ಕೂರುತ್ತದೆ. ಯಾವ ಎರರೂ ಬರುವುದಿಲ್ಲ. ಫೈಲಿನ ಹೆಸರು, ಗಾತ್ರ ಎಲ್ಲ ಸರಿಯಾಗಿಯೇ ಕಾಣುತ್ತವೆ, ತೆರೆದಾಗಲೇ ಗೊತ್ತಾಗುವುದು. ಫಾರ್ಮ್ಯಾಟ್ ಮಾಡಿದರೂ ಇದು ಸಿಕ್ಕಿಬೀಳುವುದಿಲ್ಲ.

ಒಂದು ತಪ್ಪು ಅನುಮಾನವನ್ನು ಇಲ್ಲೇ ಬಿಡಿಸಿಬಿಡೋಣ. 64 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ 59.6 ಅಂತ, 128 ಜಿಬಿ ಕಾರ್ಡ್ 119 ಅಂತ ಕಾಣುವುದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ನಿಜ ಹೇಳಬೇಕೆಂದರೆ ನಕಲಿ ಕಾರ್ಡೂ ಇದೇ ಅಂಕಿಯನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ.

ಸತ್ಯ ತಿಳಿಯುವ ದಾರಿ ಒಂದೇ: ಪೂರ್ತಿ ತುಂಬಿಸಿ, ಪೂರ್ತಿ ಓದಿ ತಾಳೆ ನೋಡುವುದು. ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯು’, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಎಫ್3’ ಇದನ್ನೇ ಮಾಡುತ್ತವೆ. ಎರಡೂ ಉಚಿತ. ಖಾಲಿ ಕಾರ್ಡಿನ ಮೇಲೆ ಮಾತ್ರ ಓಡಿಸಿ. 128 ಜಿಬಿ ಕಾರ್ಡ್ ಸೆಕೆಂಡಿಗೆ 30 ಎಂಬಿಯಂತೆ ಬರೆದರೆ ತುಂಬಲು ಒಂದೂಕಾಲು ಗಂಟೆ ಹತ್ತಿರ, ಓದಲು ಇನ್ನೊಂದಿಷ್ಟು ಹೊತ್ತು. ರಾತ್ರಿ ಊಟಕ್ಕೆ ಕೂರುವಾಗ ಹಾಕಿಬಿಟ್ಟರೆ ಮಲಗುವ ಹೊತ್ತಿಗೆ ಉತ್ತರ ಸಿಗುತ್ತದೆ. ಒಂದೇ ಒಂದು ತಪ್ಪು ಬಂದರೂ ‘ಪರವಾಗಿಲ್ಲ, ಉಳಿದ ಜಾಗ ಬಳಸೋಣ’ ಎಂಬ ಆಸೆ ಬೇಡ. ಬಿಲ್ ಸಮೇತ ವಾಪಸ್ ಮಾಡಿ. ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಪರೀಕ್ಷೆಯ ಫಲಿತಾಂಶದ ಫೋಟೊ ತೆಗೆದಿಟ್ಟುಕೊಂಡಿರಿ.

## ಅಳಿಸಿದ ಚಿತ್ರ ಮತ್ತೆ ಬರುತ್ತದೆ, ಫಾರ್ಮ್ಯಾಟ್ ಮಾಡಿದರೂ ಎಲ್ಲ ಹಾಗೇ ಇದೆ

ನೋಡಲು ಪವಾಡದಂತಿದ್ದರೂ ಇದು ಕಾರ್ಡಿನ ಕೊನೆಗಾಲ. ಫ್ಲ್ಯಾಶ್ ಚಿಪ್ಪಿನ ಪ್ರತಿ ಕೋಶಕ್ಕೂ ಇಷ್ಟು ಸಲ ಬರೆದು ಅಳಿಸಬಹುದು ಎಂಬ ಮಿತಿಯಿದೆ. ಸವೆದ ಭಾಗಗಳ ಬದಲಿಗೆ ಕಾರ್ಡ್ ಒಂದಷ್ಟು ಹೆಚ್ಚುವರಿ ಭಾಗಗಳನ್ನು ಇಟ್ಟುಕೊಂಡಿರುತ್ತದೆ. ಅವೂ ಮುಗಿದಾಗ ಅನೇಕ ಕಂಟ್ರೋಲರುಗಳು ಬರೆಯುವುದನ್ನೇ ನಿಲ್ಲಿಸಿ, ಓದಲು ಮಾತ್ರ ಬಿಡುತ್ತವೆ. ಅಳಿಸಿದಂತೆ ನಟಿಸುತ್ತವೆ, ತೆಗೆದು ಹಾಕಿದರೆ ಎಲ್ಲ ಮೊದಲಿನಂತೆ. ಲಾಕ್ ಗುಂಡಿ ಸರಿಯಿದೆ ಎಂದು ಖಚಿತ ಮಾಡಿಕೊಂಡು, ಇರುವುದನ್ನೆಲ್ಲ ಇವತ್ತೇ ಕಾಪಿ ಮಾಡಿಕೊಳ್ಳಿ. ಯಾವ ಸಾಫ್ಟ್‌ವೇರೂ ಇದನ್ನು ರಿಪೇರಿ ಮಾಡುವುದಿಲ್ಲ.

## ಚಿತ್ರಗಳೇ ಮಾಯ

ಕೈತಪ್ಪಿ ಅಳಿಸಿದ್ದರೆ ಅಥವಾ ಫಾರ್ಮ್ಯಾಟ್ ಆಗಿದ್ದರೆ, ಆ ಕ್ಷಣದಿಂದ ಒಂದೇ ಒಂದು ಚಿತ್ರವನ್ನೂ ತೆಗೆಯಬೇಡಿ. ಸಾಮಾನ್ಯ ಫಾರ್ಮ್ಯಾಟ್ ಹೊಡೆದುಹಾಕುವುದು ಫೈಲುಗಳ ಪಟ್ಟಿಯನ್ನು ಮಾತ್ರ. ಪಹಣಿಯಲ್ಲಿ ಹೆಸರು ಹೊಡೆದರೂ ಜಮೀನು ಅಲ್ಲೇ ಇರುವಂತೆ ಚಿತ್ರಗಳು ಅಲ್ಲೇ ಇರುತ್ತವೆ, ಇನ್ನೊಬ್ಬರು ಬಂದು ಉಳುವ ತನಕ. ಇಡೀ ಕಾರ್ಡನ್ನೇ ಅಳಿಸುವ ‘ಲೋ ಲೆವೆಲ್ ಫಾರ್ಮ್ಯಾಟ್’ ಆಯ್ದುಕೊಂಡಿದ್ದರೆ ಮಾತ್ರ ಆಸೆ ಬಿಡಬೇಕು.

ಕಾರ್ಡನ್ನು ಲಾಕ್ ಮಾಡಿ ರೀಡರಿಗೆ ಹಾಕಿ. ಉಚಿತವಾಗಿ ಸಿಗುವ ‘ಫೋಟೊರೆಕ್’ ಹಳೆಯದಾದರೂ ಗಟ್ಟಿ ಆಳು. ನೋಡಲು ಕಪ್ಪು ಪರದೆ, ಬಿಳಿ ಅಕ್ಷರ. ಅದು ಪಟ್ಟಿಯನ್ನು ನೋಡದೆ, ಜೆಪೆಗ್ ಮತ್ತು ರಾ ಫೈಲುಗಳ ಆರಂಭದ ಗುರುತನ್ನೇ ಹುಡುಕುತ್ತ ಹೋಗುತ್ತದೆ. ಹಾಗಾಗಿ ಚಿತ್ರ ಸಿಕ್ಕರೂ ಹಳೆಯ ಹೆಸರು ಸಿಗುವುದಿಲ್ಲ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸದೆ ಕಂಪ್ಯೂಟರಿನ ಡಿಸ್ಕಿಗೆ ಉಳಿಸಿ. ಸ್ಥಿರಚಿತ್ರಗಳು ಚೆನ್ನಾಗಿ ಬರುತ್ತವೆ. ವಿಡಿಯೊಗಳು ಕಾರ್ಡಿನಲ್ಲಿ ತುಂಡುತುಂಡಾಗಿ ಹರಡಿರುವುದರಿಂದ ಸಿಕ್ಕರೂ ಓಡದಿರಬಹುದು.

ಇಲ್ಲಿ ನಿಲ್ಲಿಸಬೇಕಾದ ಗೆರೆಗಳಿವೆ. ಯಾವ ರೀಡರಿನಲ್ಲೂ ಕಾರ್ಡ್ ಕಾಣಿಸದಿದ್ದರೆ, 64 ಜಿಬಿಯ ಕಾರ್ಡು ಕೆಲವೇ ಎಂಬಿ ಅಥವಾ ಸೊನ್ನೆ ತೋರಿಸಿದರೆ, ಮುಟ್ಟಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಕೂಡಲೇ ಹೊರತೆಗೆಯಿರಿ. ಮತ್ತೆ ಮತ್ತೆ ಹಾಕಿ ನೋಡುವುದರಿಂದ ಇದ್ದದ್ದೂ ಹೋಗುತ್ತದೆ. ಇದು ಡೇಟಾ ರಿಕವರಿ ಲ್ಯಾಬಿನ ಕೆಲಸ, ಅಲ್ಲಿ ಕಂಟ್ರೋಲರನ್ನು ಬದಿಗಿಟ್ಟು ಚಿಪ್ಪಿನಿಂದಲೇ ನೇರ ಓದುವ ಸಲಕರಣೆ ಇರುತ್ತದೆ. ಖರ್ಚು ಕಾರ್ಡಿನ ಬೆಲೆಯ ಎಷ್ಟೋ ಪಟ್ಟು. ಪರೀಕ್ಷೆಗೆ ಎಷ್ಟು, ಚಿತ್ರ ಸಿಗದಿದ್ದರೂ ಕೊಡಬೇಕೇ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ನೀರಿಗೆ ಬಿದ್ದ ಕಾರ್ಡ್ ಅಷ್ಟು ಭಯಂಕರವಲ್ಲ. ಕೆಸರೋ ಸಮುದ್ರದ ಉಪ್ಪೋ ಇದ್ದರೆ ಶುದ್ಧ ನೀರಲ್ಲಿ ತೊಳೆದು, ನೆರಳಲ್ಲಿ ಒಂದೆರಡು ದಿನ ಒಣಗಿಸಿ ಆಮೇಲೆ ರೀಡರಿಗೆ ಹಾಕಿ. ಹೇರ್ ಡ್ರೈಯರ್ ಬೇಡ.

## ಹೊಸದನ್ನು ತರಲೇಬೇಕಾದಾಗ

ಮೇಲಿನ ದೋಷಗಳಲ್ಲಿ ಹೆಚ್ಚಿನವು ಕೊಳ್ಳುವಾಗಲೇ ತಪ್ಪುತ್ತವೆ. ಕೈಪಿಡಿಯಲ್ಲಿ ಕ್ಯಾಮೆರಾ ಒಪ್ಪುವ ಗಾತ್ರ ಮತ್ತು ವೇಗದ ಗುರುತನ್ನು ಬರೆದುಕೊಂಡು ಹೋಗಿ. ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗಿ, ಆನ್‌ಲೈನ್‌ನಲ್ಲೇ ತರಿಸಿ, ಬಿಲ್ಲಿಲ್ಲದ ಬಿಡಿ ಕಾರ್ಡ್ ಬೇಡ. ಆಮದಾದ ಪ್ಯಾಕ್ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕೆಂದು ನಮ್ಮ ಕಾನೂನೇ ಹೇಳುತ್ತದೆ. ಆ ಚೀಟಿಯೇ ಇಲ್ಲದ ಪ್ಯಾಕ್ ಎಷ್ಟು ಅಗ್ಗವಾದರೂ ಬಿಡಿ. ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಪೂರ್ತಿ ತುಂಬಿಸುವ ಪರೀಕ್ಷೆ ಮಾಡಿ, ಆಮೇಲೆ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ ಬಳಕೆಗೆ ತನ್ನಿ.

ದೊಡ್ಡದೊಂದೋ, ಸಣ್ಣವು ನಾಲ್ಕೋ ಎಂಬ ಜಗಳ ಮುಗಿಯುವಂಥದ್ದಲ್ಲ. ಸಣ್ಣ ಕಾರ್ಡುಗಳು ಕಳೆದುಹೋಗುತ್ತವೆ, ಪದೇ ಪದೇ ಬದಲಿಸುವಾಗ ಸ್ಲಾಟೂ ಸವೆಯುತ್ತದೆ ಎನ್ನುವವರ ಮಾತಲ್ಲೂ ಹುರುಳಿದೆ. ಎರಡು ಸ್ಲಾಟಿನ ಕ್ಯಾಮೆರಾ ಇದ್ದರೆ ಈ ಜಗಳವೇ ಬೇಡ. ಎರಡೂ ಕಾರ್ಡಿಗೆ ಅದದೇ ಚಿತ್ರ ಬರೆಯುವಂತೆ ಮಾಡಿ. ನಾಂದಿಯಿಂದ ಆರತಕ್ಷತೆವರೆಗೆ ತೆಗೆಯುವವರು ಇದನ್ನು ಬಿಟ್ಟು ಎರಡನೇ ಸ್ಲಾಟನ್ನು ‘ಮೊದಲನೆಯದು ತುಂಬಿದ ಮೇಲೆ’ ಎಂದು ಇಟ್ಟುಕೊಳ್ಳುವುದು ನನಗಂತೂ ಅರ್ಥವಾಗುವುದಿಲ್ಲ. ಮಾಂಗಲ್ಯ ಧಾರಣೆಯನ್ನು ಇನ್ನೊಂದು ಸಲ ಮಾಡಿ ಎಂದು ಯಾರನ್ನು ಕೇಳುವುದು?

ದೋಷವಿದ್ದ ಕಾರ್ಡಿನ ಮೇಲೆ ಮಾರ್ಕರ್‌ನಿಂದ ಅಡ್ಡಗೆರೆ ಎಳೆದು ಬ್ಯಾಗಿನಿಂದ ಹೊರಗಿಡಿ, ಇಲ್ಲದಿದ್ದರೆ ತುರ್ತಿನಲ್ಲಿ ಅದೇ ಕೈಗೆ ಬರುತ್ತದೆ. ವಾರಂಟಿಯಲ್ಲಿ ಬದಲಿಸಿಕೊಡುವವರು ಸಾಮಾನ್ಯವಾಗಿ ಹಳೆಯ ಕಾರ್ಡನ್ನು ಇಟ್ಟುಕೊಳ್ಳುತ್ತಾರೆ. ಬರೆಯಲು ಇನ್ನೂ ಬಿಡುವ ಕಾರ್ಡಾದರೆ ಕೊಡುವ ಮೊದಲು ಫಾರ್ಮ್ಯಾಟ್ ಮಾಡಿ, ಅದೇ ಎಚ್2ಟೆಸ್ಟ್‌ಡಬ್ಲ್ಯು ಓಡಿಸಿ ಪೂರ್ತಿ ತುಂಬಿಸಿ, ಹಳೆಯ ಚಿತ್ರಗಳ ಮೇಲೆಲ್ಲ ಬರೆದಂತಾಗುತ್ತದೆ. ಬರೆಯಲು ಬಿಡದ ಕಾರ್ಡಿನಲ್ಲಿ ಗಿರಾಕಿಗಳ ಮನೆಯ ಚಿತ್ರಗಳಿದ್ದರೆ ವಾರಂಟಿಯ ಆಸೆ ಬಿಟ್ಟು, ಚಿಪ್ಪಿನ ಮೇಲೇ ಬೀಳುವಂತೆ ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕುವುದು ಮೇಲು.